ಮೂರನೆಯ ಪ್ಲೇಟು

ಮೇಲೂರು
12-10-1969

ನನ್ನವರಿಗೆ,

ಎಲ್ಲರೂ ಕ್ಷೇಮವೆಂದು ಶುರುಮಾಡಲು ಕೂತೆ, ಕೈ ಬರಲಿಲ್ಲ. ನೀವು ಬೆಂಗಳೂರಿನಿಂದ ಬಸ್ಸಿನಲ್ಲಿ ಕಳಿಸಿದ ಸೆಲ್ಲಿನ ಗ್ರಾಮಫೋನು, ಇಂಗ್ಲಿಷ್ ರಾಕ್ ಹಾಡಿನ ಮೂರು ಪ್ಲೇಟುಗಳು ತಲುಪಿದವು. ‘ನನಗೆ ಹೇಳಕ್ಕೆ ಬರಲ್ಲ, ಇವನ್ನ ಕೇಳು’ ಎಂದಷ್ಟೇ ಬರೆದಿದ್ದೀರಿ. ಸಿಟ್ಟು ಬಂತು. ಮಗು ಹೋದ ಮೇಲೆ ದಿನಾ ಕಾರ್ಖಾನೆಯಿಂದ ಬಂದು, ಕೋಣೆಯ ಬಾಗಿಲು ಹಾಕಿಕೊಂಡು ನೀವು ಕೇಳುತ್ತಿದ್ದದ್ದು ಇವನ್ನೇ ಅಲ್ಲವೇ? ಈ ಗದ್ದಲ ತಾಳಲಾರದೆ ತಾನೇ ನಾನು ತವರಿಗೆ ಬಂದದ್ದು?

ಎಷ್ಟೋ ದಿನ ಮುಟ್ಟಲಿಲ್ಲ. ನಿನ್ನೆ ಮಧ್ಯಾಹ್ನ ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೊನೆಗೆ ಮೊದಲನೆಯದನ್ನು ಹಾಕಿದೆ. ಹುಡುಗರ ಗುಂಪೊಂದು ಓಡುತ್ತಾ ಹಾಡಿದ ಹಾಗಿತ್ತು. ಬದುಕಿನಲ್ಲಿ ಏನೂ ಆಗಿಲ್ಲದವರ ಖುಷಿ. ಅಮ್ಮ ಹುಳುಮನೆಯಿಂದಲೇ ಕೂಗಿದಳು: ‘ಅದೇನೇ ರತ್ನಮ್ಮ, ತಗಡು ಬಡ್ದಂಗೈತೆ! ಹುಳ ಮೇವು ಬಿಟ್ಟಾವು, ನಿಲ್ಸಮ್ಮ.’ ಅರ್ಧಕ್ಕೇ ತೆಗೆದೆ.

ಎರಡನೆಯದರಲ್ಲಿ ಗಿಟಾರುಗಳ ನಡುವೆ ಇದ್ದಕ್ಕಿದ್ದಂತೆ ಸಿತಾರ್ ಬಂತು. ಗುರುತಿಲ್ಲದ ಮದುವೆಮನೆಯಲ್ಲಿ ನಮ್ಮೂರಿನವರೊಬ್ಬರು ಸಿಕ್ಕಂತಾಗಿ ನಕ್ಕುಬಿಟ್ಟೆ. ನಕ್ಕೆನಲ್ಲ ಎಂದು ಹೆದರಿಕೆಯಾಯಿತು. ಎದ್ದು ಅಂಗಳದಲ್ಲಿ ಸುಮ್ಮನೆ ಸುತ್ತಾಡಿ ಬಂದೆ.

ಮೂರನೆಯದು ಮೆಲ್ಲಗೆ ಶುರುವಾಯಿತು. ಗಿಟಾರು, ಒಬ್ಬ ಗಂಡಸಿನ ದನಿ, ಅಷ್ಟೇ. ಆ ಇಂಗ್ಲಿಷು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಹಾಡುತ್ತಾ ಹಾಡುತ್ತಾ ಅವನ ಗಂಟಲು ಒಡೆದು, ಮಾತೆಲ್ಲ ಹೋಗಿ ಬರೀ ಕೂಗಾಯಿತು. ಅವತ್ತು ಆಸ್ಪತ್ರೆಯಲ್ಲಿ ನಾನು ಹೀಗೇ ಕೂಗಿದ್ದೆ. ನೀವು ಗೋಡೆ ಹಿಡಿದು ಸುಮ್ಮನೆ ನಿಂತಿದ್ದಿರಿ. ಈ ಮನುಷ್ಯನಿಗೆ ಕರುಳೇ ಇಲ್ಲ ಎಂದುಕೊಂಡಿದ್ದೆ. ಬಾಗಿಲು ಹಾಕಿಕೊಂಡು ನೀವು ಕೇಳುತ್ತಿದ್ದದ್ದು ಈ ಕೂಗನ್ನೋ?

ಸೊಪ್ಪಿನ ಬುಟ್ಟಿಯ ಮೇಲೆ ಬಿದ್ದು ಅತ್ತೆ. ಅಮ್ಮ ಬಾಗಿಲಿಗೆ ಬಂದಳು. ನಿಲ್ಲಿಸು ಎನ್ನಲಿಲ್ಲ. ‘ಆ ಹಾಡೋನೂ ಮಗೂನ ಕಳ್ಕೊಂಡವ್ನೇನಮ್ಮ?’ ಎಂದಳು. ಗೊತ್ತಿಲ್ಲಮ್ಮ ಎಂದೆ. ಪ್ಲೇಟು ಮುಗಿಯುವವರೆಗೂ ನನ್ನ ಬೆನ್ನು ಸವರುತ್ತಾ ಕೂತಿದ್ದಳು.

ಆದರೂ ನಾನು ಬರುವುದಿಲ್ಲ. ದುಃಖವನ್ನೂ ಬೇರೆಯವರ ಬಾಯಲ್ಲಿ ಹೇಳಿಕಳಿಸುವವರ ಜೊತೆ ಹೇಗೆ ಬಾಳಲಿ? ಬೇಕಿದ್ದರೆ ನೀವೇ ಬನ್ನಿ. ನನ್ನೆದುರು ಕೂತು ಒಂದು ಸಲ ಮಗುವಿನ ಹೆಸರು ಹೇಳಿ. ಆಮೇಲೆ ನೋಡೋಣ.

ನಿಮ್ಮವಳೇ ಆದ
ವೆಂಕಟರತ್ನಮ್ಮ

ತಾ.ಕ.: ಇದನ್ನು ಟಪಾಲಿಗೆ ಹಾಕಲು ಶಿಡ್ಲಘಟ್ಟಕ್ಕೆ ಬಂದವಳು ಹಾಕಲಿಲ್ಲ. ನಾನೂ ಕಾಗದದ ಬಾಯಲ್ಲಿ ಹೇಳಿಕಳಿಸುತ್ತಿದ್ದೇನಲ್ಲ ಎನಿಸಿತು. ಊರಿಗೆ ಮರಳಲು ಬೆಂಗಳೂರು ಬಸ್ಸನ್ನೇ ಹತ್ತಿದೆ. ಮೇಲೂರು ದಾರಿಯಲ್ಲೇ ತಾನೇ. ಬಸ್ಸು ಮೇಲೂರಿನಲ್ಲಿ ನಿಂತಿತು. ನಮ್ಮ ಬೀದಿಯ ಗಂಗುಲಮ್ಮ ಇಳಿಯುತ್ತಾ ‘ಏಳಮ್ಮ, ಊರು ಬಂತು’ ಎಂದರು. ‘ಅಮ್ಮಂಗೆ ಹೇಳ್ಬಿಡಕ್ಕ, ನಾನು ಬೆಂಗ್ಳೂರಿಗೆ ಹೊರಟೆ’ ಎಂದೆ. ಈಗ ವಿಜಯಪುರ ದಾಟುತ್ತಿದ್ದೇವೆ. ಕಾಗದ ನನ್ನ ಕೈಯಲ್ಲೇ ಇದೆ.