ಕೂಗಿಗೆ ಉತ್ತರ ಕೊಡುವ ಮೊದಲು

ಸಾಮನ್, ಐಡಹೊ
ಸೆಪ್ಟೆಂಬರ್ ೪, ಗುರುವಾರ

ಪ್ರೀತಿಯ ತಂಗಿ ಮಾರ್ನಿಗೆ,

ಬೆಳಗಿನ ಜಾವ ಬಿದ್ದ ಕನಸು ಇನ್ನೂ ಕಣ್ಣಿನಿಂದ ಹೋಗಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ನೀನು ಹಾರ್ಸ್‌ಕಾಲರ್ ಕಣಿವೆಯ ಆ ಕಪ್ಪು ಮರಗಳ ನಡುವೆ ಮೊಣಕಾಲೂರಿ ಕೂತಿದ್ದೀ. ಬಿಲ್ಲು ಎಳೆದು ಹಿಡಿದಿದ್ದೀ. ಎದುರಿನ ಪೊದೆಯಿಂದ ಎಲ್ಕ್ ಗಂಡೊಂದು, ಕುದುರೆಯಷ್ಟು ದೊಡ್ಡ ಜಿಂಕೆ, ಕೂಗುತ್ತಾ ಬರುತ್ತಿದೆ. ಕೊಂಬು ಕೊಂಬೆಗೆ ಉಜ್ಜುವ ಸದ್ದು ನನಗೂ ಕೇಳಿಸುತ್ತಿದೆ. ಪೊದೆ ಸರಿದರೆ ಅಲ್ಲಿ ಅಪ್ಪ ನಿಂತಿದ್ದಾನೆ. ಅದೇ ಕೆಂಪು ಚೌಕಳಿ ಅಂಗಿ, ಎಲ್ಕ್ ದನಿ ತೆಗೆಯುವ ಕೂಗುಕೊಳವೆ ಬಾಯಿಗಿಟ್ಟುಕೊಂಡೇ ಇದ್ದಾನೆ. ಬಿಡಬೇಡ, ಬಾಣ ಬಿಡಬೇಡ ಅಂತ ನಾನು ಕಿರುಚಲು ಹೋದರೆ ನನ್ನ ಗಂಟಲಿನಿಂದ ಬಂದದ್ದೂ ಎಲ್ಕ್ ಕೂಗೇ. ನೀನು ನನ್ನ ಕಡೆ ತಿರುಗಿದೆ. ಬಾಣದ ಮೊನೆಯೂ ತಿರುಗಿತು.

ಬೆವೆತು ಎದ್ದು ಕೂತವನನ್ನು ನೋಡಿ ನಿನ್ನ ಅತ್ತಿಗೆ ಟ್ವೈಲಾ ಏನಂದಳು ಗೊತ್ತೇ? "ಅಷ್ಟೊಂದು ಸಾಸೇಜ್ ತಿಂದು ಮಲಗಿದ್ರೆ ಅಪ್ಪ ಏನು, ಅಜ್ಜನೂ ಬರ್ತಾನೆ," ಅಂದು ಮಗ್ಗುಲಾದಳು.

ಫೋನಿನಲ್ಲಿ ಹೇಳೋಣವೆಂದರೆ ನೀನು ನಗುತ್ತೀ. ನೀನು ನಕ್ಕರೆ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ. ಒಂಬತ್ತನೇ ತರಗತಿಯನ್ನು ನಡುವೆಯೇ ಬಿಟ್ಟು ಮಾಂಸದ ಅಂಗಡಿ ಸೇರಿದವನ ಬರವಣಿಗೆ, ಹೊಂದಿಸಿಕೊಂಡು ಓದು.

ಕಾಗದದ ಜೊತೆ ಕಳಿಸಿದ ಪೆಟ್ಟಿಗೆಯಲ್ಲಿ ಮಾಂಸ ತುಂಬುವ ಬಟ್ಟೆ ಚೀಲಗಳನ್ನು ಇಟ್ಟಿದ್ದೇನೆ. ಒಗೆದದ್ದು, ಸಾಬೂನಿನ ವಾಸನೆ ಇಲ್ಲ, ಮೂಸಿ ನೋಡಿದ್ದೇನೆ. ಆಮೇಲೆ ಟ್ವೈಲಾ ಮೂಸಿದಳು. ಸಣ್ಣ ಚಾಕು ಮಸೆದದ್ದು. ಕರಡಿಯ ಮುಖಕ್ಕೆ ಚಿಮ್ಮಿಸುವ ಖಾರದ ಡಬ್ಬಿ. ಅದನ್ನು ಬೆನ್ನುಚೀಲದ ಒಳಗೆ ಹಾಕಬೇಡ, ಎದೆಯ ಪಟ್ಟಿಗೆ ಸಿಕ್ಕಿಸಿಕೋ. ಕರಡಿ ಬಂದು ನಿಂತು, ನೀನು ಚೀಲ ಬಿಚ್ಚುವ ತನಕ ಕಾಯುವುದಿಲ್ಲ. ಗಾಳಿಯ ದಿಕ್ಕು ನೋಡಲು ತೂರುವ ಪುಡಿ ಎರಡು ಸೀಸೆ ಇದೆ. ಒಂದು ಕಳೆದುಹೋದರೆ? ಸಂಜೆಯಾಗುತ್ತಲೇ ಗಾಳಿ ಇಳಿಜಾರಿನ ಕಡೆ ತಿರುಗುತ್ತದೆ, ನಿನ್ನ ವಾಸನೆ ನಿನಗಿಂತ ಮೊದಲು ಕೆಳಗೆ ಮುಟ್ಟುತ್ತದೆ. ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದರೂ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ನೀನು ಬೇಸಿಗೆಯೆಲ್ಲ ಬೆನ್ನಿಗೆ ಉಪ್ಪಿನ ಮೂಟೆ ಕಟ್ಟಿಕೊಂಡು ಪೊಕಟೆಲೊದ ಆಟದ ಮೈದಾನದ ಮೆಟ್ಟಿಲು ಹತ್ತಿ ಇಳಿದೆ, ಹಿತ್ತಿಲಲ್ಲಿ ದಿನವೂ ಬಾಣ ಬಿಟ್ಟೆ. ನಿನ್ನ ತೋಳಿನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಹಿತ್ತಿಲಿನ ಹುಲ್ಲಿನ ಗುರಿ ಉಸಿರಾಡುವುದಿಲ್ಲ. ಬಾಣ ತಾಗಿತೆಂದು ಹಿಂದೆಯೇ ಓಡಬೇಡ, ಕೂತುಕೋ, ಅದು ಮಲಗಲಿ. ಬಿದ್ದ ಮೇಲೆ ಫೋಟೋ ಆಮೇಲೆ, ಮೊದಲು ತೊಡೆ ಬಿಡಿಸು. ಮೂಳೆಯ ಸುತ್ತ ಬಿಸಿ ಉಳಿದರೆ ಮಾಂಸ ಒಳಗಿನಿಂದ ಹುಳಿಯುತ್ತದೆ. ಅಂಥದ್ದನ್ನು ಅಂಗಡಿಗೆ ತಂದು ನನ್ನ ಮುಖ ನೋಡುವವರನ್ನು ಪ್ರತಿ ವರ್ಷ ಕಾಣುತ್ತೇನೆ.

ಇಷ್ಟು ಎಲ್ಕಿನ ಮಾತು. ಈಗ ನಿಜದ ಮಾತು.

ಮೊದಲ ಸಲ ಬೇಟೆಗೆ ಹೋಗುವವರು ಹುಲ್ಲು ಎಲ್ಲಿದೆ, ನೀರು ಎಲ್ಲಿದೆ ಅಂತ ಕೇಳುತ್ತಾರೆ. ನೀನು ಕೇಳಿದ್ದು ಅಪ್ಪನ ಡೇರೆ ಎಲ್ಲಿತ್ತು ಅಂತ. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಆರು ವರ್ಷದ ಹಿಂದೆ ಅಪ್ಪ ಬೇಟೆಯಿಂದ ಮರಳದಿದ್ದಾಗ ಹಾರ್ಸ್‌ಕಾಲರ್‌ಗೆ ಹುಡುಕಲು ಹೋದವರಿಗೆ ಡೇರೆ ಸಿಕ್ಕಿತು, ಮಡಿಸಿಟ್ಟ ಹೊದಿಕೆ ಸಿಕ್ಕಿತು, ಪಾತ್ರೆಯ ತಳದಲ್ಲಿ ಮಂಜುಗಟ್ಟಿದ ಕಾಫಿ ಸಿಕ್ಕಿತು. ಅಪ್ಪ, ಅವನ ಬಿಲ್ಲು, ಅವನ ಕೂಗುಕೊಳವೆ ಮಾತ್ರ ಸಿಗಲಿಲ್ಲ. ನಾಯಿಗಳು ಕಪ್ಪು ಮರಗಳ ಅಂಚಿನ ತನಕ ಹೋಗಿ ಕೂತುಬಿಟ್ಟವು. ನಾನು ಅದನ್ನೆಲ್ಲ ಬಿಟ್ಟು ಬಹಳ ಕಾಲವಾಯಿತು. ಅಪ್ಪ ಬರುತ್ತಾನೆಂದು ನಾನೇನೂ ಕಾಯುತ್ತಿಲ್ಲ. ನೀನೂ ಹಾಗೆಯೇ ಇದ್ದೀ ಅಂದುಕೊಂಡಿದ್ದೆ, ಅಪ್ಪನ ಬೇಟೆಯ ಜೊತೆಗಾರ ಹಾಲಿಸ್ ಮಾಮ ಬಾಯಿ ಬಿಡುವ ತನಕ.

ಹೋದ ವಾರ ಅವನು ಅಂಗಡಿಗೆ ಬಂದಿದ್ದ. ಒಣಮಾಂಸ ಬೇಕು ಅಂದವನು ಅದನ್ನು ಮರೆತು ಕಟ್ಟೆಗೆ ಒರಗಿ ನಿಂತ.

"ನಿನ್ ತಂಗಿ ಹಾರ್ಸ್‌ಕಾಲರ್‌ಗೆ ಹೋಗ್ತಾಳಂತೆ? ಒಬ್ಳೇನಾ?" ಅಂದ.

"ಒಬ್ಳೇ," ಅಂದೆ.

"ತಲೆ ನೆಟ್ಟಗಿದ್ಯಾ ಅವಳಿಗೆ?"

"ನೀನೇ ತಾನೇ ಮಾಮ ಕತೆ ಹೇಳಿ ಹುಚ್ಚು ಹಿಡಿಸಿದ್ದು?" ಅಂದೆ. ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ.

ಅಪ್ಪನೂ ಅವನೂ ಒಬ್ಬರನ್ನೊಬ್ಬರು ಎಲ್ಕ್ ಅಂದುಕೊಂಡ ಕತೆ ನಿನಗೆ ಗೊತ್ತು. ಎಲ್ಕ್ ದನಿಯಲ್ಲೇ ಕೂಗಿ ಎಲ್ಕನ್ನು ಕರೆಯುವ ಈ ಬೇಟೆಯವರು ಮಾತ್ರ ಮಾಡುವ ತಪ್ಪು ಅದು. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ, ಇಬ್ಬರೂ ಗಂಡು ಎಲ್ಕ್ ಸಿಕ್ಕಿತೆಂದು ತೆವಳುತ್ತಾ ಹತ್ತಿರ ಬರುತ್ತಾರೆ. ಅವತ್ತು ಬೆಳಗೆಲ್ಲ ತೆವಳಿ ಕೊನೆಗೆ ಒಂದೇ ಬಿದ್ದ ಮರದ ಆಚೆ ಈಚೆ ತಲೆ ಎತ್ತಿದರಂತೆ. ಅಪ್ಪ "ಥೂ, ನೀನಾ!" ಅಂದನಂತೆ. ಹಾಲಿಸ್ ಮಾಮ, "ನೀನಾ ಅಂತಾನೆ ನೋಡು! ಅಂಥಾ ಕೂಗು ಕೂಗಿದ್ಯಲ್ಲೋ ವರ್ನ್, ನಾನು ಹೆಣ್ಣೆಲ್ಕ್ ಆಗಿದ್ರೆ ನಿನ್ನ ಕಟ್ಕೊಂಡೇಬಿಡ್ತಿದ್ದೆ," ಅಂದನಂತೆ. ನಕ್ಕರು. ಆದರೆ ಇಬ್ಬರ ಬಿಲ್ಲಿನಲ್ಲೂ ಬಾಣ ಹೂಡಿತ್ತು. ಅವತ್ತಿನಿಂದ ಅವರಿಬ್ಬರ ನಡುವೆ ಒಂದು ಕಟ್ಟುಪಾಡು: ಅನುಮಾನ ಬಂದರೆ ಬಿಲ್ಲು ಇಳಿಸಿ, ಜೋರಾಗಿ "ಕಾಫಿ!" ಅನ್ನಬೇಕು. ಎಲ್ಕ್ ಆದರೆ ಓಡುತ್ತದೆ. ಮನುಷ್ಯನಾದರೆ "ತಗೊಂಡ್ ಬಾ!" ಅನ್ನುತ್ತಾನೆ.

ಹೋದ ಸೆಪ್ಟೆಂಬರಿನಲ್ಲಿ ಹಾರ್ಸ್‌ಕಾಲರ್‌ನಲ್ಲಿ ಕೇಳಿದ್ದನ್ನು ಹಾಲಿಸ್ ಮಾಮ ನಿನಗೆ ಅರ್ಧ ಹೇಳಿದ್ದಾನೆ. ಕೂಗು ಅಪ್ಪನದೇ ಥರ, ಏರುತ್ತಾ ಹೋಗಿ ತುದಿಯಲ್ಲಿ ಒಡೆದು ಮತ್ತೆ ಕೂಡುವ ಕೂಗು, ಇಷ್ಟು ಹೇಳಿದ್ದಾನೆ. ಉಳಿದರ್ಧ ನನಗೆ ಹೇಳಿದ. ಬಿಲ್ಲು ಇಳಿಸಿ "ಕಾಫಿ" ಅಂದನಂತೆ. ಕೂಗು ನಿಂತಿತು. ಗೊರಸಿನ ಸದ್ದಿಲ್ಲ, ಕಡ್ಡಿ ಮುರಿಯಲಿಲ್ಲ, ಯಾರೂ ಉತ್ತರ ಕೊಡಲಿಲ್ಲ. "ಆಮೇಲೆ ನನ್ ಬೆನ್ ಹಿಂದೆ ಕೂಗ್ತು ಕಣೋ ಲೈಲ್," ಅಂದ. "ಬೆನ್ ಹಿಂದೆ. ಇಷ್ಟ್ ಹತ್ರ." ಅವನ ಡೇರೆ ಇನ್ನೂ ಅಲ್ಲೇ ಇದೆ. ತರಲು ಹೋಗಿಲ್ಲ.

ಇದನ್ನು ಫೋನಿನಲ್ಲಿ ಶುರುಮಾಡಿದ್ದಕ್ಕೇ ನೀನು, "ಅಣ್ಣಾ, ಕಾಫಿ ಅಂದ್ರೆ ಎಲ್ಕು ಕೆನೆ ಹಾಕಿದ್ಯಾ ಅಂತ ಕೇಳತ್ತಾ?" ಅಂದದ್ದು. ನಾನೂ ನಕ್ಕೆ. ನಕ್ಕು ಫೋನಿಟ್ಟ ಮೇಲೆ ತಣ್ಣನೆಯ ಕೋಣೆಗೆ ಹೋಗಿ, ತೂಗುಹಾಕಿದ ಮಾಂಸದ ನಡುವೆ ಸುಮ್ಮನೆ ನಿಂತಿದ್ದೆ.

ಹೋಗಬೇಡ ಅನ್ನುವುದಿಲ್ಲ. ಅಂದರೆ ನೀನು ನನಗೆ ಹೇಳದೆ ಹೋಗುತ್ತೀ, ಅದು ಇನ್ನೂ ಕೆಟ್ಟದ್ದು. ಕೇಳಿಕೊಳ್ಳುವುದು ಇಷ್ಟೇ. ಯಾವ ಕೂಗಿಗೂ ಉತ್ತರ ಕೊಡುವ ಮೊದಲು ಮನುಷ್ಯರ ದನಿಯಲ್ಲಿ ಮಾತಾಡು. ಓಡಿದರೆ ಓಡಲಿ, ಬೇಟೆ ತಪ್ಪಿದರೆ ತಪ್ಪಲಿ, ಚಳಿಗಾಲಕ್ಕೆ ನಿನ್ನ ಫ್ರೀಜರ್ ತುಂಬುವಷ್ಟು ಮಾಂಸ ನಾನು ಕೊಡುತ್ತೇನೆ. ಉತ್ತರ ಬಂದರೆ ಸಂತೋಷ. ಎರಡೂ ಆಗದಿದ್ದರೆ, ಮಾರ್ನಿ, ಡೇರೆ ಬಿಚ್ಚುತ್ತಾ ಕೂರಬೇಡ. ಹಾಗೆಯೇ ಇಳಿದು ಬಾ. ಅದು ಎಷ್ಟೇ ಅಪ್ಪನ ಹಾಗೆ ಕೂಗಿದರೂ ಬಾ. ಅಪ್ಪನೇ ಆಗಿದ್ದರೆ, ಕತ್ತಲ ಕಾಡಿಗೆ ಮಗಳನ್ನು ಕರೆಯುವಂಥವನಲ್ಲ ಅವನು.

ಟ್ವೈಲಾ ಓಟ್ಸ್ ಉಂಡೆ ಕಟ್ಟಿ ಕಳಿಸಿದ್ದಾಳೆ. "ಗಂಡನ ಭಯಕ್ಕೆ ನನ್ನ ಕೈಲಿ ಆಗೋ ಔಷಧಿ ಇದೊಂದೇ," ಅಂದಳು. ಮೊದಲ ದಿನವೇ ತಿಂದು ಮುಗಿಸಬೇಡ.

ಇಳಿದು ಬರುವಾಗ ನಮ್ಮ ಮನೆಯ ದಾರಿ ಹಿಡಿ. ಎಷ್ಟು ಹೊತ್ತಾದರೂ ಅಂಗಳದ ದೀಪ ಉರಿಯುತ್ತಿರುತ್ತದೆ.

ನಿನ್ನ ಪುಕ್ಕಲು ಅಣ್ಣ,
ಲೈಲ್

ಮರೆತದ್ದು: ಹೋದ ಭಾನುವಾರ ನೀನು ಕಾಡಿನಿಂದ ಸಂದೇಶ ಕಳಿಸುವ ಹೊಸ ಸ್ಯಾಟಲೈಟ್ ಯಂತ್ರ ಪರೀಕ್ಷೆ ಮಾಡಿ, ಸಂದೇಶ ಬಂತಾ ಅಂತ ಕೇಳಿದೆ. ಬಂತು ಅಂದೆ. ನನ್ನ ಫೋನಿಗೆ ಬಂದಿರಲಿಲ್ಲ, ಅಪ್ಪನ ಫೋನಿಗೆ ಬಂತು. ಅವನು ಪಿಕಪ್ಪಿನಲ್ಲೇ ಬಿಟ್ಟುಹೋದ ಆ ಫೋನು ಅಡುಗೆಮನೆಯ ಮೂಲೆಯಲ್ಲಿ ಇವತ್ತಿಗೂ ಜೀವಂತವಾಗಿದೆ. ಸಂಖ್ಯೆ ಕಡಿದುಹೋಗದ ಹಾಗೆ ನೋಡಿಕೊಂಡಿದ್ದೇನೆ, ದಿನಾ ಚಾರ್ಜಿಗೆ ಹಾಕುತ್ತೇನೆ. ಟ್ವೈಲಾ ನೋಡಿಯೂ ನೋಡದ ಹಾಗೆ ಇರುತ್ತಾಳೆ. ಇಷ್ಟು ವರ್ಷದಲ್ಲಿ ಅದು ಮೊದಲ ಸಲ ಸಂದೇಶ ಬಂದು ಬೆಳಗಿತು. ಗೊತ್ತಿಲ್ಲದ ಯಾವುದೋ ಸಂಖ್ಯೆಯಿಂದ, "ತಲುಪಿದೆ. ಚೆನ್ನಾಗಿದ್ದೇನೆ. ಚಿಂತೆ ಮಾಡಬೇಡ," ಅಂತ. ನಾನು ನೆಲದ ಮೇಲೆ ಕೂತುಬಿಟ್ಟೆ. ಅದು ನೀನೇ ಎಂದು ಹೊಳೆಯುವ ತನಕ ಏನೇನು ಅಂದುಕೊಂಡೆ ಅಂತ ಕೇಳಬೇಡ. ಬೇಕಂತಲೇ ಅವನ ಸಂಖ್ಯೆ ಹಾಕಿದ್ದರೆ ಬೈಯುವುದಿಲ್ಲ, ಅದೂ ಇರಲಿ. ಆದರೆ ಆಪತ್ತಿಗೆ ಕರೆಯುವ ಜಾಗದಲ್ಲಿ ಯಾರ ಸಂಖ್ಯೆ ಇದೆ, ಹೊರಡುವ ಮೊದಲು ದಯವಿಟ್ಟು ಇನ್ನೊಂದು ಸಲ ನೋಡು.