ಅಮ್ಮನ ಕೆಮ್ಮಿಗೆ ನಕ್ಕ ಸಭೆ

ಸಭೆಗೇ ಭೂಷಣವಾದ ಅಕ್ಕನಿಗೆ,

ಹೀಗೆ ಕರೆದೆನೆಂದು ಹುಬ್ಬು ಗಂಟಿಕ್ಕಬೇಡ. ಗ್ರಂಥಪಾಲಕರ ಸಮ್ಮೇಳನದ ವೇದಿಕೆ, ಬೆನ್ನ ಹಿಂದೆ ಗೋಡೆಯಗಲದ ಪರದೆ, ಮುಖಕ್ಕೆ ದೀಪ, ಆಹಾ, ಏನು ನಿನ್ನ ಪ್ರವೇಶ! ಮೂರನೇ ಸಾಲಿನಲ್ಲಿದ್ದ ನಾನೂ ಚಪ್ಪಾಳೆ ತಟ್ಟಿದೆ. ಎಷ್ಟಾದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಆ ಹೊಟ್ಟೆಯವಳ ವಿಚಾರಕ್ಕೇ ಬರೆಯುತ್ತಿದ್ದೇನೆ.

ನಾನು ಈಗಲೂ ದಿನಾ ಬೀಗ ತೆಗೆಯುವ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಕಣ್ಣು ಕಾಣದ ಓದುಗರಿಗಾಗಿ ಅಮ್ಮ ಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದುತ್ತಿದ್ದಳಲ್ಲ? ಓದುವುದೇನು, ಆಡಿಯೇ ಬಿಡುತ್ತಿದ್ದಳು! ರಾಜ ಗುಡುಗಿದರೆ ಲೋಟದ ನೀರು ನಡುಗಬೇಕು. ರಾಣಿ ಅತ್ತರೆ ಬಾಗಿಲಾಚೆ ಕೂತ ನಮ್ಮಿಬ್ಬರ ಮೂಗು ಸೋರಬೇಕು. ನಡುವೆ ಕೆಮ್ಮು. "ತಡೀರಪ್ಪಾ, ಒಂದು ಗುಟುಕು ನೀರು ಕುಡಿದು ಇವನನ್ನ ಸಾಯಿಸ್ತೀನಿ" ಎಂದು ಖಳನಾಯಕನಿಗೆ ಅರೆಗಳಿಗೆಯ ಜೀವದಾನ. ಆ ನೀರು ತಂದಿಡುವ ಕೆಲಸ ನಿನ್ನದಾಗಿತ್ತು.

ಅಮ್ಮ ಹೋದ ಮೇಲೆ ಕ್ಯಾಸೆಟ್ಟಿನ ಪೆಟ್ಟಿಗೆಗಳನ್ನೆಲ್ಲ ನೀನು ಹೊತ್ತೊಯ್ದೆ. "ಇಂಟರ್ನೆಟ್ಟಿಗೆ ಹಾಕಿದ್ರೆ ಅಮ್ಮಂಗೆ ಸಾವೇ ಇಲ್ಲ ಕಣೋ" ಅಂದೆ. ನಾನು ನಂಬಿದೆ. ಕೆಲಕಾಲ ಅಮ್ಮ ಊರೂರಲ್ಲಿ ಕೆಮ್ಮಿದಳು. ಆಮೇಲೆ ಹೊಸ ತಂತ್ರಜ್ಞಾನ ಬಂತು, ನೀನು ನಡೆಸುವ ಜಾಲತಾಣ ಬದಲಾಯಿತು, ಅವಳ ಜಾಗದಲ್ಲಿ ಯಂತ್ರದ ಧ್ವನಿ ಕೂತಿತು. ಕ್ಯಾಸೆಟ್ಟುಗಳನ್ನಾದರೂ ಕೊಡು ಎಂದರೆ, "ಅಯ್ಯೋ, ಬೂಷ್ಟು ಹಿಡಿದಿತ್ತು, ವಿಲೇವಾರಿ ಆಯ್ತಲ್ಲೋ" ಅಂದೆ. ರದ್ದಿ ತೂಕಕ್ಕೆ ಹಾಕಿದ ಹಾಗೆ!

ಅದನ್ನೂ ನುಂಗಿಕೊಂಡಿದ್ದೆ.

ಸಮ್ಮೇಳನದಲ್ಲಿ ನನ್ನ ಪಕ್ಕ ಕೂತಿದ್ದವರು ಕುರ್ಚಿ ಹೆಣೆಯುವ ತಾತ. ಕಣ್ಣಿಲ್ಲದ ಅವರು ಬೆತ್ತ ಹೆಣೆಯುತ್ತಾ ಅಮ್ಮನ ಪುಸ್ತಕಗಳನ್ನೆಲ್ಲ ಕೇಳಿದವರು. ಯಂತ್ರ ಬಂದಾಗ, "ಇವಳಿಗೆ ಯಾರು ಸತ್ರೂ ಒಂದೇ ಕಣಪ್ಪಾ" ಎಂದು ಇಯರ್‌ಫೋನನ್ನು ಕಿವಿಯಿಂದ ಕಿತ್ತಿಟ್ಟವರು. "ಗ್ರಂಥಪಾಲಕರೆಲ್ಲ ಸೇರ್ತಾರಂತೆ, ನಮ್ಮಮ್ಮನ್ನ ವಾಪಸ್ ಕೇಳೋಣ" ಎಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು.

ನೀನು "ಅಂದು" ಎಂದೆ. ಧ್ವನಿವರ್ಧಕದಲ್ಲಿ ಅಮ್ಮ ಕೆಮ್ಮಿದಳು. "ತಡೀರಪ್ಪಾ, ಒಂದು ಗುಟುಕು ನೀರು..." ಅಷ್ಟಕ್ಕೇ ನಿಲ್ಲಿಸಿ ಹುಬ್ಬು ಹಾರಿಸಿದೆ. ಸಭೆ ಹೋ ಎಂದು ನಕ್ಕಿತು. "ಇಂದು" ಎಂದೆ. ಯಂತ್ರ ಉಸಿರೂ ತೆಗೆಯದೆ ಖಳನಾಯಕನನ್ನು ಮುಗಿಸಿತು. ಚಪ್ಪಾಳೆ!

ತಾತ ಎದ್ದು ನಿಂತರು. ನಿನ್ನ ಕಡೆಗಲ್ಲ, ಗೋಡೆಯ ಧ್ವನಿವರ್ಧಕದ ಕಡೆ ತಿರುಗಿ ಕೈ ಮುಗಿದರು. "ಕುಡೀರಮ್ಮಾ, ನಿಧಾನಕ್ಕೆ ಕುಡೀರಿ. ನಾವು ಕಾಯ್ತೀವಿ."

ನೀನು ಗಡಿಯಾರ ನೋಡಿ, "ಪ್ರಶ್ನೆಗಳು ಕೊನೆಗೆ" ಎಂದೆ.

ಅಕ್ಕಾ, ಅಮ್ಮನ ಧ್ವನಿ ಎಂದು ಈ ಜಗತ್ತಿನಲ್ಲಿ ಉಳಿದಿರುವುದು ಆ ತುಣುಕೊಂದೇ. ಅದೂ ನಾಲ್ಕು ಜನರನ್ನು ನಗಿಸಲು ನೀನು ಇಟ್ಟುಕೊಂಡದ್ದು. ಕಳಿಸು. ಒಂದು ಬೆರಳು ಒತ್ತಿದರೆ ಸಾಕಂತೆ, ನೀನೇ ಭಾಷಣದಲ್ಲಿ ಸಾರಿದೆಯಲ್ಲ! ಕ್ಷಮೆ ಬೇಡ, ಸಮಜಾಯಿಷಿ ಬೇಡ. ನೀರು ಕುಡಿಯುವವರೆಗೆ ಅಮ್ಮ ಇದ್ದರೆ ಸಾಕು. ಆಮೇಲೆ ಆ ಖಳನಾಯಕನನ್ನು ನಾನೂ ತಾತನೂ ಸೇರಿ ಕೊಂದುಕೊಳ್ಳುತ್ತೇವೆ.

ನಿನಗೂ ವಯಸ್ಸಾದೀತು, ಮಾತಿನ ನಡುವೆ ಕೆಮ್ಮು ಬಂದೀತು. ಆಗ ನಗದೆ ಒಂದು ಲೋಟ ನೀರು ತಂದಿಡುವವರು ನಿನ್ನ ಬಾಗಿಲಾಚೆ ಇರಲಿ. ನನ್ನಿಂದಾಗುವ ಹರಕೆ ಇಷ್ಟೇ.

ಇತಿ,
ಆ ಬಾಗಿಲಾಚೆ ಇನ್ನೂ ಕೂತಿರುವ
ನಿನ್ನ ತಮ್ಮ