ಬಿ.ಕೆ. ಸೌಮ್ಯ, ಸೌಮ್ಯ ಲೋಕೇಶ್

ಮರಳವಾಡಿ
21-1-2009

ಚಿ. ಸೌ. ಸೌಮ್ಯಳಿಗೆ ನಿನ್ನ ಮಾವ ಮಾಡುವ ಆಶೀರ್ವಾದ.

ನೆಗಡಿ ಹೇಗಿದೆ? ಪಟಿಯಾಲದಲ್ಲಿ ಮಧ್ಯಾಹ್ನವಾದರೂ ಮಂಜು ಬಿಡುವುದಿಲ್ಲವೆಂದು ಲೋಕೇಶ ಹೇಳಿದ. ನಿಮ್ಮತ್ತೆ ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಪಾರ್ಸೆಲ್ ಮಾಡುವುದಷ್ಟೇ ಬಾಕಿ. ಆಟಗಾರರ ಮಂಡಿ ನೋಡಿಕೊಳ್ಳುವ ಭರದಲ್ಲಿ ನಿನ್ನ ಊಟ ಮರೆಯಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುವ ಲಾರಿ ಹೆಚ್ಚಾಗಿ ರಸ್ತೆಬದಿಯ ಹಿಪ್ಪುನೇರಳೆಯ ಮೇಲೆಲ್ಲ ಧೂಳು. ಹುಳುವಿಗೆ ಒಳಗಿನ ಸಾಲುಗಳಿಂದಲೇ ಸೊಪ್ಪು ಕೊಯ್ಯುತ್ತಿದ್ದೇವೆ.

ಬೆಂಗಳೂರಿನ ಆ ಕಾಲೇಜು ನಿನ್ನ ಅರ್ಜಿ ತಳ್ಳಿಹಾಕಿದ ದಿನ ನೀನು ಫೋನಿನಲ್ಲಿ "ಹೋಗ್ಲಿ ಬಿಡಿ ಮಾವ" ಎಂದೆಯಲ್ಲ, ಆ ದನಿ ನನ್ನ ಕಿವಿಯಿಂದ ಹೋಗಲೇ ಇಲ್ಲ. ಕೆಲಸ ಸಿಗದಿದ್ದರೆ ಬೇರೆ ಮಾತು. ನೀನು ಪ್ರಕಟಿಸಿದ್ದು ಎರಡೇ ಲೇಖನ, ಉಳಿದವು ಬಿ.ಕೆ. ಸೌಮ್ಯ ಎಂಬ ಬೇರೆ ಯಾರದೋ, ಅವನ್ನು ನಿನ್ನವೆಂದು ತೋರಿಸಿದ್ದೀಯ ಎಂದು ಬರೆದುಬಿಟ್ಟಿದ್ದರು! ಮದುವೆಗೆ ಮೊದಲು ನೀನೇ ಬಿ.ಕೆ. ಸೌಮ್ಯ ಆಗಿದ್ದದ್ದು, ಮದುವೆಯ ನಂತರ ಬ್ಯಾಂಕಿನಿಂದ ರೇಷನ್ ಕಾರ್ಡಿನವರೆಗೆ ಎಲ್ಲರೂ ಸೌಮ್ಯ ಲೋಕೇಶ್ ಎಂದು ಬರೆದದ್ದರಿಂದ ನೀನೂ ಲೇಖನಗಳಿಗೆ ಹಾಗೇ ಹಾಕುತ್ತ ಬಂದದ್ದು ಅವರಿಗೇನು ಗೊತ್ತು? ಲೋಕೇಶನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ನಾನೇ ನಿಮ್ಮ ಮದುವೆಯ ನೋಂದಣಿ ಪತ್ರ ಚೀಲಕ್ಕೆ ಹಾಕಿಕೊಂಡು, ನಿನ್ನ ಮಾರ್ಕ್ಸ್ ಕಾರ್ಡು ತರಲು ಬೈರಾಪಟ್ಟಣಕ್ಕೆ ಹೋದೆ. ನಿಮ್ಮಪ್ಪ ಕುರಿಗೆ ಸೊಪ್ಪು ಕಟ್ಟುತ್ತಿದ್ದರು. ವಿಷಯ ಕೇಳಿದ್ದೇ, "ನನ್ ಮಗ್ಳು ಕದ್ದವ್ಳೆ ಅಂತಾರಾ? ನಡೀರಿ ಬೀಗ್ರೆ, ಈಗ್ಲೇ ಹೋಗವ" ಎಂದು ಅಂಗಿಯ ಗುಂಡಿ ಹಾಕುತ್ತಲೇ ಹೊರಟರು.

ಕಾಲೇಜಿನ ಕಚೇರಿಯಲ್ಲಿದ್ದ ಗುಮಾಸ್ತ ಬಿ.ಕೆ. ಸೌಮ್ಯ ಯಾರು ಎಂದ. "ನನ್ ಮಗ್ಳು ಸ್ವಾಮಿ. ಮಾಗ್ಡಿ, ಚನ್ನಪಟ್ಣದ್ ಮೈದಾನ ಎಲ್ಲಾ ಸುತ್ತಿ ಕಬಡ್ಡಿ ಹುಡುಗ್ರ ಮಂಡಿ ನೋಡಿ ಬರ್ಕೊಂಡವ್ಳೆ. ಗಾಡಿ ಮ್ಯಾಲೆ ಕೂರಿಸ್ಕಂಡು ಹೋಗ್ತಿದ್ದೋನು ನಾನೇಯ" ಎಂದರು ನಿಮ್ಮಪ್ಪ ಕೆಂಚಯ್ಯನವರು. ಹಾಗಾದರೆ ಸೌಮ್ಯ ಲೋಕೇಶ್ ಯಾರು? ನನ್ನ ಸೊಸೆ ಎಂದೆ ನಾನು. ಆತ ನಮ್ಮಿಬ್ಬರನ್ನೂ ನೋಡಿ, ಇರುವುದು ಒಂದೇ ಹುದ್ದೆ, ಇಬ್ಬರಿಗೆ ಕೊಡಲಾಗದು ಎಂದ. "ಅಯ್ಯೋ, ಇಬ್ರೂ ಒಬ್ಳೇ ಕಣಪ್ಪ!" ಎಂದು ನಿಮ್ಮಪ್ಪ ಕೂಗಿದ್ದಕ್ಕೆ ಒಳಗಿನಿಂದ ಪ್ರೊಫೆಸರ್ ಮಜೀದಾ ಮೇಡಂ ಎದ್ದು ಬಂದರು.

ಅವರು ಎರಡೂ ದಾಖಲೆ ಓದಿ, ಕಂಪ್ಯೂಟರಿನಲ್ಲಿ ನಿನ್ನ ಹಳೆಯ ಹೆಸರು ಹೊಡೆದರು. ಪುಟ ತುಂಬಿತು. ಮಣ್ಣಿನ ಅಂಕಣದಲ್ಲಿ ಆಡುವವರ ಮಂಡಿ ನೋವಿನ ಬಗ್ಗೆ ನೀನು ಬರೆದದ್ದನ್ನು ಎಲ್ಲೆಲ್ಲಿಯ ಡಾಕ್ಟರುಗಳೋ ತಮ್ಮ ಲೇಖನಗಳಲ್ಲಿ ಆಧಾರವಾಗಿ ತೋರಿಸಿದ್ದಾರಂತೆ. "ಅವರಲ್ಲಿ ನಾನೂ ಒಬ್ಬಳು. ಇವರು ನಮ್ಮ ಪಕ್ಕದ ಜಿಲ್ಲೆಯವರು ಅಂತ ಗೊತ್ತೇ ಇರಲಿಲ್ಲ" ಎಂದು ಮೇಡಂ ಪೆಚ್ಚಾದರು. ಪತ್ರದಲ್ಲಿ ನಿನ್ನ ಮೇಲೆ ಹಾಗೆ ಬರೆದದ್ದು ತಪ್ಪಾಯಿತೆಂದು ನಮ್ಮೆದುರಿಗೇ ಒಪ್ಪಿಕೊಂಡು, ಹಳೆಯ ಪತ್ರ ರದ್ದು ಮಾಡಿಸಿದರು. ಫೆಬ್ರವರಿ ಹದಿನಾರಕ್ಕೆ ಸಂದರ್ಶನ. ಟಿಕೆಟ್ ಈಗಲೇ ಮಾಡಿಸು.

ಆ ಪುಟವನ್ನು ನಿಮ್ಮಪ್ಪ ಪ್ರಿಂಟು ಹಾಕಿಸಿಕೊಂಡರು. ಬಸ್ಸಿನಲ್ಲಿ ಬಿಡಿಸಿ, ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. "ಇದ್ರಾಗೆ ಕೆ ಅಂದ್ರೆ ನಾನಾ?" ಎಂದರು. ಬಿ ಅಂದರೆ ಬೈರಾಪಟ್ಟಣ, ಕೆ ಅಂದರೆ ನೀವೇ ಎಂದೆ. ಬಿಡದಿ ದಾಟುವವರೆಗೂ ಆ ಅಕ್ಷರದ ಮೇಲಿಂದ ಬೆರಳು ತೆಗೆಯಲಿಲ್ಲ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಬೆಚ್ಚಗಿರು. ನಿಮ್ಮತ್ತೆ ಕೇಳಿದಳೆಂದು ತಿಳಿ. ಒಳ್ಳೆಯದಾಗಲಿ.

ಇಂತಿ ನಿನ್ನ ಮಾವ,
ಹನುಮಂತಯ್ಯ

ಇದೊಂದು ಬರೆಯದೆ ಅಂಟಿಸಿಬಿಡುತ್ತಿದ್ದೆ: ಸಂದರ್ಶನದ ಕಾಗದ ಯಾವ ಹೆಸರಿಗೆ ಕಳಿಸಲಿ ಎಂದು ಮೇಡಂ ಕೇಳಿದರು. ನಿಮ್ಮಪ್ಪ ತಲೆ ತಗ್ಗಿಸಿ, "ಮದ್ವೆ ಆದ್ಮ್ಯಾಲೆ ಲೋಕೇಶಪ್ಪನ ಹೆಸ್ರೇ ಅಲ್ವರಾ" ಎಂದು ಹೊರಗೆ ಹೋದರು. ನಾನು ಬಿ.ಕೆ. ಸೌಮ್ಯ ಎಂದು ಬರೆಸಿದೆ. ಲೋಕೇಶನಿಗೂ ಸಂತೋಷವೇ. ನಿನಗೆ ಬೇಡವೆನಿಸಿದರೆ ನನಗೆ ಫೋನು ಮಾಡು. ಬೇಕೆನಿಸಿದರೆ ಬೈರಾಪಟ್ಟಣಕ್ಕೆ ಮಾಡು. ನಿಮ್ಮಪ್ಪನಿಗೆ ನಾನಿನ್ನೂ ಹೇಳಿಲ್ಲ.